ಬೆಲ್ಟ್ ಬಿಚ್ಚಿಕೊಂಡು ಹೋದವರಿಗೆ

ನಿಮ್ಮ ಕಾರಣಗಳೆಲ್ಲ ನಮಗೆ ಬಾಯಿಪಾಠವಾಗಿವೆ. ಮಗಳು ಬಾಣಂತನಕ್ಕೆ ಬರುತ್ತಿದ್ದಾಳೆ. ಹೊಸ ಮನೆಯ ಓನರು ಒಪ್ಪುತ್ತಿಲ್ಲ. ಮಗುವಿಗೆ ಅಲರ್ಜಿಯಂತೆ. ಕಂಪನಿಯವರು ಅಮೆರಿಕಕ್ಕೆ ಕಳಿಸುತ್ತಿದ್ದಾರೆ. ಈ ಮನೆಗೆ ನಾಯಿ ಆಗಿಬರುವುದಿಲ್ಲ ಎಂದು ಜೋಯಿಸರು ಹೇಳಿದ್ದಾರೆ. ಇದ್ಯಾವುದೂ ಇಲ್ಲದಿದ್ದರೆ, 'ತುಂಬಾ ಕೂದಲು ಉದುರತ್ತೆ ಮೇಡಂ'. ಇಷ್ಟೆಲ್ಲ ಹೇಳಿ ಮುಗಿಸುವಾಗ ಎಲ್ಲರೂ ತಪ್ಪದೆ ಸೇರಿಸುವ ಮಾತೊಂದಿದೆ: 'ನಮ್ಮ ಮಗು ಥರಾನೇ ನೋಡ್ಕೊಂಡಿದ್ವಿ.'

ಹಾಗಿದ್ದರೆ ಆ ಇನ್ನೊಂದು ಮಗುವನ್ನು ಯಾವಾಗ ತಂದು ಬಿಡುತ್ತೀರಿ ಎಂದು ಕೇಳಬೇಕೆನ್ನಿಸುತ್ತದೆ. ಕೇಳುವುದಿಲ್ಲ. ಕೇಳಿದರೆ ಫೋನ್ ಇಟ್ಟುಬಿಡುತ್ತೀರಿ, ಮತ್ತು ಹಾಗೆ ಫೋನ್ ಇಟ್ಟವರ ನಾಯಿ ಎಲ್ಲಿಗೆ ಹೋಗುತ್ತದೆಂದು ನಮಗೆ ಗೊತ್ತು. ಊರಾಚೆಯ ಯಾವುದೋ ಲೇಔಟಿನ ಖಾಲಿ ಸೈಟಿಗೆ, ಹೆದ್ದಾರಿಯ ಪಕ್ಕದ ಡಾಬಾದ ಹಿಂದಕ್ಕೆ, ಇಲ್ಲವೇ ಎಲ್ಲರೂ ಮಲಗಿದ ಮೇಲೆ ನಮ್ಮ ಗೇಟಿಗೆ.

ಬೆಂಗಳೂರಿನ ಅಂಚಿನ ಒಂದು ಪ್ರಾಣಿ ಶೆಲ್ಟರಿನಲ್ಲಿ ನಾನು ರಜೆಯ ದಿನಗಳಲ್ಲಿ ಕೈಜೋಡಿಸುತ್ತೇನೆ. ಫೋನ್ ಮಾಡುವವರು ಎಷ್ಟೋ ವಾಸಿ. ಮಾಡದವರ ಕೆಲಸ ಬೆಳಿಗ್ಗೆ ಗೇಟು ತೆಗೆಯುವಾಗ ಕಾಣುತ್ತದೆ. ಮೊನ್ನೆ ಕಟ್ಟಿಹೋಗಿದ್ದದ್ದು ಒಂದು ಲ್ಯಾಬ್ರಡಾರ್. ಗಂಡು, ಏಳೆಂಟು ವರ್ಷದ್ದು. ಬಟ್ಟೆ ಒಣಹಾಕುವ ನೈಲಾನ್ ಹಗ್ಗದಲ್ಲಿ ಕಟ್ಟಿದ್ದರು. ಕುತ್ತಿಗೆಯ ಸುತ್ತ ಎರಡು ಬೆರಳಗಲ ಕೂದಲು ಸವೆದು ಚರ್ಮ ನುಣ್ಣಗಾಗಿತ್ತು. ವರ್ಷಗಟ್ಟಲೆ ಬೆಲ್ಟ್ ಇದ್ದ ಜಾಗ ಅದು. ಬೆಲ್ಟ್ ಮಾತ್ರ ಇರಲಿಲ್ಲ. ಬೆಲ್ಟಿಗೆ ಹೆಸರಿನ ಬಿಲ್ಲೆ ಇರುತ್ತದೆ, ಬಿಲ್ಲೆಯ ಹಿಂದೆ ಫೋನ್ ನಂಬರು ಇರುತ್ತದೆ. ಹಗ್ಗ ಬಿಗಿಯುವ ಮುಂಚೆ ಯಾರೋ ಬಗ್ಗಿ, ಬಕಲ್ ಬಿಚ್ಚಿ, ಬೆಲ್ಟನ್ನು ಜೇಬಿಗೆ ಹಾಕಿಕೊಂಡಿದ್ದಾರೆ. ಆಗ ಅದು ಏನು ಮಾಡಿರುತ್ತದೆಂದು ನಾಯಿ ಸಾಕಿದ ಯಾರಿಗಾದರೂ ಗೊತ್ತು. ವಾಕಿಂಗ್ ಮುಗಿಸಿ ಮನೆಗೆ ಬಂದಾಗ ಮಾಡುವ ಹಾಗೆ ಕತ್ತು ಚಾಚಿ ಕೊಟ್ಟಿರುತ್ತದೆ.

ಅದರ ಹಿಂಗಾಲಿನ ಕೀಲು ಹೋಗಿತ್ತು. ಕಿವಿಯೊಳಗೆ ಕೀವು. ಉಗುರು ಬೆಳೆದು ಒಳಕ್ಕೆ ಸುತ್ತಿಕೊಂಡಿತ್ತು. ಅಂದರೆ ಕೈಬಿಟ್ಟಿದ್ದು ಆ ರಾತ್ರಿಯಲ್ಲ, ಮನೆಯೊಳಗೇ ಇದ್ದಾಗ, ಎಷ್ಟೋ ತಿಂಗಳ ಹಿಂದೆ. ದಿನಗಟ್ಟಲೆ ಗೇಟಿಗೆ ಮುಖ ಮಾಡಿ ಕೂತಿತ್ತು. ತಟ್ಟೆ ಮುಟ್ಟುತ್ತಿರಲಿಲ್ಲ. ರಸ್ತೆಯಲ್ಲಿ ಯಾರಾದರೂ ಕಾರು ರಿವರ್ಸ್ ತೆಗೆದರೆ ಎದ್ದು ನಿಲ್ಲುತ್ತಿತ್ತು.

ಶೆಲ್ಟರ್ ಎಂದರೆ ಹುಲ್ಲುಹಾಸಿನ ಮೇಲೆ ನಾಯಿಗಳು ಓಡಾಡಿಕೊಂಡಿರುವ ಜಾಗ ಎಂದು ಬಿಟ್ಟುಹೋಗುವವರು ತಮಗೆ ತಾವೇ ಹೇಳಿಕೊಳ್ಳುತ್ತಾರೆ. 'ಅಲ್ಲಿ ಅದಕ್ಕೆ ಫ್ರೆಂಡ್ಸ್ ಸಿಗ್ತಾರೆ' ಎಂದವರೂ ಇದ್ದಾರೆ. ಇರುವುದು ತಗಡಿನ ಮಾಡು, ಸಿಮೆಂಟು ನೆಲ, ಕಬ್ಬಿಣದ ಜಾಲರಿ. ಒಂದಕ್ಕೆಂದು ಕಟ್ಟಿಸಿದ ಗೂಡಿನಲ್ಲಿ ಮೂರು. ಬೆಳಕು ಹರಿಯುವ ಮೊದಲೇ ಒಲೆಯ ಮೇಲೆ ದೊಡ್ಡ ಡಬರಿ ಏರುತ್ತದೆ: ನುಚ್ಚಕ್ಕಿ, ಕೋಳಿ ಅಂಗಡಿಯಿಂದ ತಂದ ತಲೆ, ಕಾಲು, ಕತ್ತು, ಮೇಲೊಂದು ಹಿಡಿ ಅರಿಸಿನ. ಅದು ಬೇಯುವಷ್ಟರಲ್ಲಿ ಗೂಡು ತೊಳೆಯುವ ಅಕ್ಕ ಪೊರಕೆ, ಬ್ಲೀಚಿಂಗ್ ಪುಡಿ ಹಿಡಿದು ಈ ತುದಿಯಿಂದ ಆ ತುದಿಗೆ ಹೋಗಿರುತ್ತಾಳೆ. ನಿಮ್ಮ ಮಂಚದ ಮೇಲೆ ಮಲಗಿ ಅಭ್ಯಾಸವಾದ ಮುದಿ ಪಗ್ಗು ಆ ನೆಲದ ಮೇಲೆ ಮೊದಲ ರಾತ್ರಿ ಮಲಗುವುದೇ ಇಲ್ಲ, ನಿಂತೇ ಇರುತ್ತದೆ.

ಒಳಗೆ ಬರಲು ನೂರು ದಾರಿ. ಹೊರಗೆ ಹೋಗಲು ಇರುವುದು ಒಂದೇ, ಯಾರಾದರೂ ದತ್ತು ತೆಗೆದುಕೊಂಡು ಹೋಗಬೇಕು. ಆ ಒಂದು ಬಾಗಿಲಿಗೂ ಈ ಊರಿನ ಬಲ್ಲಿದರೆಲ್ಲ ಸೇರಿ ಅಡ್ಡಗೋಲು ಹಾಕಿದ್ದಾರೆ. ಹಾಗಾಗಿ ದತ್ತು ಹೋಗುವ ಪ್ರಾಣಿಗಳ ಸಂಖ್ಯೆ ಹೆಚ್ಚಿಸುವುದು ಹೇಗೆ ಎಂದು ಕಾಫಿ ಕುಡಿಯುತ್ತಾ ಕೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಇನ್ನೂ ಚೆಂದದ ಫೋಟೊ ಹಾಕಿ, ಇನ್ನೊಂದು ಕ್ಯಾಂಪ್ ಮಾಡಿ, ನಾಯಿಗೊಂದು ಬೋ ಕಟ್ಟಿ ಎನ್ನುತ್ತಾರೆ. ಅಡ್ಡಗೋಲು ಹಾಕಿದವರ ಸುದ್ದಿಯೇ ಎತ್ತುವುದಿಲ್ಲ.

ಕಾನೂನಿನಿಂದಲೇ ಶುರು ಮಾಡೋಣ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗೆ ಬಿಟ್ಟು ಹೋಗುವುದು ಅಪರಾಧ. ನೃತ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಪಟ್ಟುಹಿಡಿದು ಎತ್ತಿದ ಮಾತಿನ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯಿದೆ ಬಂತು. ಅದರ 11ನೇ ಸೆಕ್ಷನ್‌ನಲ್ಲಿ ಇದೆಲ್ಲ ಬರೆದಿದೆ. ದಂಡ ಎಷ್ಟು? ಮೊದಲ ತಪ್ಪಿಗೆ 10 ರೂಪಾಯಿಗೆ ಕಡಿಮೆಯಿಲ್ಲದಂತೆ, 50 ರೂಪಾಯಿ ಮೀರದಂತೆ. 1960ರಲ್ಲಿ ಐವತ್ತು ರೂಪಾಯಿಗೆ ಒಂದು ತೂಕ ಇತ್ತು. ಇವತ್ತು ಜಯನಗರದ ದರ್ಶಿನಿಯಲ್ಲಿ ಇಬ್ಬರು ಇಡ್ಲಿ ವಡೆ ತಿಂದು ಎದ್ದರೆ ಅದಕ್ಕಿಂತ ಜಾಸ್ತಿ ಆಗುತ್ತದೆ. ಲ್ಯಾಬ್ರಡಾರನ್ನು ಗೇಟಿಗೆ ಕಟ್ಟಿ ಹೋದ ಮಹಾನುಭಾವ ಸಿಕ್ಕಿಬಿದ್ದರೂ, ಕೇಸಾದರೂ, ಸಾಬೀತಾದರೂ, ನಾಯಿಯ ಬೆಲ್ಟಿನ ಬೆಲೆಯಷ್ಟೂ ದಂಡ ಕಟ್ಟಬೇಕಾಗಿಲ್ಲ. ಈ ದಂಡ ಏರಿಸುವ ತಿದ್ದುಪಡಿಯ ಕರಡನ್ನು ಕೇಂದ್ರ ಸರ್ಕಾರ 2022ರ ನವೆಂಬರಿನಲ್ಲಿ ಜನರ ಮುಂದಿಟ್ಟಿತು, ಅಭಿಪ್ರಾಯ ಕೇಳಿತು. ಜನ ಅಭಿಪ್ರಾಯ ಬರೆದು ಕಳಿಸಿದರು. ಕರಡು ಕರಡಾಗಿಯೇ ಉಳಿಯಿತು.

ಇನ್ನು ಮಾರುವವರು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಒಬ್ಬ ಹುಡುಗನ ಹಿಂದೆ ಒಂದು ಪಗ್ ನಾಯಿ ಹೋಗುತ್ತಿತ್ತು, ನೆನಪಿರಬೇಕು. ದೇಶಕ್ಕೆ ದೇಶವೇ ಪಗ್ ಬೇಕು ಎಂದು ಕೂತಿತು. ಮೂಗೇ ಇಲ್ಲದಂತೆ ಮನುಷ್ಯರು ತಿದ್ದಿ ತೀಡಿ ಮಾಡಿದ ತಳಿ ಅದು. ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಹೆಚ್ಚಾಗಿ ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಪಗ್ಗಿಗೆ ಅದಕ್ಕೂ ಸರಿಯಾದ ಮೂಗಿಲ್ಲ. ಬಳ್ಳಾರಿಯ ಬೇಸಗೆಯಲ್ಲಿ, ಕಲಬುರಗಿಯ ಏಪ್ರಿಲ್ಲಿನಲ್ಲಿ ಅದು ಪಡುವ ಪಾಡನ್ನು ಜನ 'ಗೊರಕೆ ಹೊಡೀತಿದೆ, ಎಷ್ಟು ಮುದ್ದಾಗಿದೆ' ಎಂದು ವಿಡಿಯೊ ಮಾಡುತ್ತಾರೆ. ಆಮೇಲೆ ಹಸ್ಕಿಯ ಸರದಿ. ಸೈಬೀರಿಯಾದ ಹಿಮದಲ್ಲಿ ಗಾಡಿ ಎಳೆಯುವ ನಾಯಿಯನ್ನು ಎರಡು ಬೆಡ್‌ರೂಮಿನ ಮನೆಗೆ ತಂದು, ಎಸಿ ಬಿಲ್ಲು ನೋಡಿ ಗಾಬರಿಯಾಗಿ ಶೆಲ್ಟರಿಗೆ ಫೋನ್ ಮಾಡುವವರು ನಮ್ಮಲ್ಲಿ ಕಮ್ಮಿಯೇನಿಲ್ಲ. ಪರ್ಷಿಯನ್ ಬೆಕ್ಕಿನ ಕತೆಯೂ ಇದೇ, ರೋಮ ಗಂಟು ಕಟ್ಟಿ ಚರ್ಮ ಹುಣ್ಣಾದ ಮೇಲೆ ಬರುತ್ತವೆ.

ಮರಿ ಹಾಕಿಸಿ ಮಾರುವ ದಂಧೆಗಾಗಿ ನಾಯಿಗಳನ್ನು ಹೊರದೇಶದಿಂದ ತರಿಸುವುದಕ್ಕೆ 2016ರಲ್ಲಿ ನಿರ್ಬಂಧ ಬಂತು. 2017ರಲ್ಲಿ ನಾಯಿ ಸಂತಾನ ಮತ್ತು ಮಾರಾಟಕ್ಕೆ ನಿಯಮಗಳು ಬಂದವು. ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಎಂಟು ವಾರ ತುಂಬದ ಮರಿಯನ್ನು ಮಾರಕೂಡದು. ಹದಿನೆಂಟು ತಿಂಗಳಾಗದ ಹೆಣ್ಣಿಗೆ ಮರಿ ಹಾಕಿಸಕೂಡದು. ಮೈಕ್ರೋಚಿಪ್ ಇರಬೇಕು. ಕಾಗದದ ಮೇಲೆ ಎಲ್ಲವೂ ಸೊಗಸು. ಈಗ ನಿಮ್ಮ ಫೋನ್ ತೆಗೆದು ಮಾರಾಟದ ಯಾವ ಆ್ಯಪ್ ಬೇಕಾದರೂ ನೋಡಿ. ನಲವತ್ತು ದಿನದ ಮರಿ, ಮನೆ ಬಾಗಿಲಿಗೆ ಡೆಲಿವರಿ, ಬೆಲೆ ಮಾತಾಡಿಕೊಳ್ಳೋಣ. ನೋಂದಣಿ ಸಂಖ್ಯೆ ಎಲ್ಲಿ? ಮೈಕ್ರೋಚಿಪ್ ಎಲ್ಲಿ? ಶೆಲ್ಟರಿಗೆ ಬರುವ ಜಾತಿನಾಯಿಗಳಲ್ಲಿ ಮಾಲೀಕರ ಗುರುತು ಹತ್ತಲು ಚಿಪ್ ಹುಡುಕುವುದನ್ನೇ ನಾವು ಬಿಟ್ಟಿದ್ದೇವೆ. ಮೊಲೆಗಳು ಜೋತುಬಿದ್ದು, ಹಲ್ಲೆಲ್ಲ ಸವೆದ ಹೆಣ್ಣು ನಾಯಿಗಳು ಸಿಗುತ್ತವಲ್ಲ, ಪಂಜರದ ಸರಳು ಕಚ್ಚಿ ಕಚ್ಚಿ ಸವೆದ ಹಲ್ಲು, ಅವು ಆ ಮುದ್ದು ಮರಿಗಳ ತಾಯಂದಿರು. ಹಾಲು ಕೊಡದ ಹಸುವಿಗಾದರೂ ಗೋಶಾಲೆ ಎಂಬ ಹೆಸರಿದೆ, ಇವಕ್ಕೆ ರಸ್ತೆಬದಿ.

ಕನ್ನಡ ಚಿತ್ರರಂಗ ಇದನ್ನು ಹೇಳದೆ ಬಿಟ್ಟಿಲ್ಲ. 2022ರ ಜೂನಿನಲ್ಲಿ ಕಿರಣ್‌ರಾಜ್ ನಿರ್ದೇಶನದ '777 ಚಾರ್ಲಿ' ಬಂತು. ಲಾಭಕ್ಕಾಗಿ ಅಡ್ಡಾದಿಡ್ಡಿ ಮರಿ ಹಾಕಿಸಿದ್ದರಿಂದ ಕಾಯಿಲೆ ಹೊತ್ತು ಹುಟ್ಟಿದ ನಾಯಿಯ ಕತೆ ಅದು, ಸುಮ್ಮನೆ ನಾಯಿ ಪ್ರೀತಿಯ ಕತೆಯಲ್ಲ. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಸಿನಿಮಾ ನೋಡಿ ಎಲ್ಲರೆದುರು ಕಣ್ಣೀರು ಹಾಕಿದರು. ಅವರ ಕಣ್ಣೀರನ್ನು ನಾನು ಅನುಮಾನಿಸುವುದಿಲ್ಲ, ಹಿಂದಿನ ವರ್ಷವಷ್ಟೇ ಅವರ ಮನೆಯ ನಾಯಿ ತೀರಿಕೊಂಡಿತ್ತು. ರಾಜ್ಯ ಸರ್ಕಾರ ಆರು ತಿಂಗಳು ಚಿತ್ರಕ್ಕೆ ತನ್ನ ಪಾಲಿನ ತೆರಿಗೆ ಬಿಟ್ಟಿತು. ಸರಿ, ಟಿಕೆಟ್ಟಿನ ಮೇಲೆ ತೆರಿಗೆ ಬಿಟ್ಟವರು ಸಿನಿಮಾದಲ್ಲಿ ತೋರಿಸಿದ ಆ ಪಂಜರಗಳ ಬೀಗ ಒಡೆಸಿದರೆ? ಅತ್ತು ಹೊರಬಂದವರಲ್ಲಿ ಎಷ್ಟೋ ಜನ ಮಾಡಿದ ಮೊದಲ ಕೆಲಸ 'ಲ್ಯಾಬ್ ಮರಿ ಎಷ್ಟಕ್ಕೆ ಸಿಗತ್ತೆ' ಎಂದು ವಿಚಾರಿಸಿದ್ದು. ನನ್ನ ಫೋನಿಗೇ ಬಂದಿವೆ ಆ ಪ್ರಶ್ನೆಗಳು.

ನಮ್ಮ ಮುಧೋಳ ನಾಯಿಯದ್ದೂ ಇದೇ ಪಾಡಾಗುತ್ತಿದೆ. 2005ರಲ್ಲಿ ಅಂಚೆಚೀಟಿಯಾಯಿತು, ಸೇನೆ ಕರೆಸಿಕೊಂಡಿತು, 2020ರ ಆಗಸ್ಟ್‌ನ 'ಮನ್ ಕಿ ಬಾತ್'ನಲ್ಲಿ ಪ್ರಧಾನಿಯವರ ಬಾಯಲ್ಲಿ ಅದರ ಹೆಸರು ಬಂತು. ಬಾಗಲಕೋಟೆಯ ಬಯಲಿನಲ್ಲಿ ಮೊಲದ ಹಿಂದೆ ಗಾಳಿಯ ಹಾಗೆ ಓಡಲೆಂದೇ ಹುಟ್ಟಿದ ದೇಹ. ಅದನ್ನು ಅಭಿಮಾನಕ್ಕೆಂದು ಹನ್ನೆರಡನೇ ಮಹಡಿಗೆ ತಂದು, ಅದು ಸೋಫಾ ಹರಿದು ಹಾಕಿತೆಂದು ಬೇಸರಿಸಿಕೊಂಡರೆ ತಪ್ಪು ಯಾರದು?

ಮಾರುವವರನ್ನು ಬೈದು ಕೊಳ್ಳುವವರನ್ನು ಬಿಟ್ಟರೆ ನ್ಯಾಯವಲ್ಲ. ದತ್ತು ಕೇಳಿ ಬರುವವರ ಮೊದಲ ಪ್ರಶ್ನೆ ಯಾವುದು ಗೊತ್ತೇ? 'ಯಾವ ಜಾತಿ?' ಎರಡನೆಯದು, 'ಗಂಡೋ ಹೆಣ್ಣೋ?' ಮೂರನೆಯದು ಬಣ್ಣ. ಸಾವಿರ ವರ್ಷಗಳಿಂದ ಮನುಷ್ಯರನ್ನು ನೋಡಿಕೊಂಡು ಬಂದ ಕ್ರಮದಲ್ಲೇ ನಾಯಿಯನ್ನೂ ನೋಡುತ್ತಾರೆ. ಜಾತಿನಾಯಿ ಇಲ್ಲ, ಇರುವುದು ಬೀದಿಯಲ್ಲಿ ಹುಟ್ಟಿದ್ದು ಎಂದರೆ ಮುಖ ಸಣ್ಣದಾಗುತ್ತದೆ. ಈ ಮಣ್ಣಿನ ಬಿಸಿಲು, ಮಳೆ, ಎಂಜಲೂಟ ಎಲ್ಲವನ್ನೂ ತಡೆದು ಉಳಿದ ನಾಯಿ ಅದು. ಬುದ್ಧಿ, ಆರೋಗ್ಯ, ಎಚ್ಚರ ಯಾವುದರಲ್ಲೂ ಕಮ್ಮಿಯಿಲ್ಲ. ಕಮ್ಮಿ ಇರುವುದು ವಂಶಾವಳಿಯ ಕಾಗದ ಒಂದೇ.

ಕಪ್ಪು ನಾಯಿಯನ್ನಂತೂ ಕೇಳುವವರೇ ಇಲ್ಲ. ಶನಿವಾರ ಬೆಳಿಗ್ಗೆ ಶೆಲ್ಟರಿನ ಮುಂದೆ ಕಾರು ನಿಲ್ಲುತ್ತದೆ. ಇಳಿದವರ ಕೈಯಲ್ಲಿ ಎಣ್ಣೆ ಸವರಿದ ರೊಟ್ಟಿ, ಬಿಸ್ಕತ್ತಿನ ಪೊಟ್ಟಣ. 'ಕಪ್ಪು ನಾಯಿ ಇದ್ಯಾ? ಶನಿ ಕಾಟಕ್ಕೆ ಹಾಕ್ಬೇಕು ಅಂದಿದ್ದಾರೆ.' ಇದೆ, ಬೇಕಾದಷ್ಟಿವೆ. ನಮ್ಮಲ್ಲಿ ಉಳಿದುಹೋಗುವುದೇ ಅವು. ಹಾಕುತ್ತಾರೆ, ಕೈಮುಗಿಯುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ. 'ಇಷ್ಟು ಒಳ್ಳೇದು ಮಾಡೋ ನಾಯಿನ ಮನೆಗೇ ಕರ್ಕೊಂಡು ಹೋಗಿ ಸಾರ್' ಎಂದು ಗೂಡು ತೊಳೆಯುವ ಅಕ್ಕ ಒಮ್ಮೆ ಕೇಳಿಯೇಬಿಟ್ಟಳು. 'ಮನೇಲಿ ಕಪ್ಪು ಬೇಡಮ್ಮ' ಎಂದು ಆ ಯಜಮಾನರು ಕಾರು ಹತ್ತಿದರು. ಕಾಲಭೈರವನ ಪಕ್ಕದಲ್ಲಿ ನಾಯಿ, ಗಾಣಗಾಪುರದ ದತ್ತನ ಕಾಲಬಳಿ ನಾಲ್ಕು ನಾಯಿ, ಮೈಲಾರಲಿಂಗನ ಗೊರವರು ನಾಯಿಯಂತೆ ಬೊಗಳಿ ಊಟದ ದೋಣಿಗೆ ಬಾಯಿ ಹಾಕುವುದು ಸೇವೆ. ಅಷ್ಟೆಲ್ಲ ದೇವರುಗಳಿಗೆ ಬೇಕಾದದ್ದು ನಿಮ್ಮ ಹಾಲಿಗೆ ಬೇಡ.

ಹೆಣ್ಣಿನ ವಿಷಯ ಹೇಳಲು ಹೊರಟರೆ ಕೈ ನಡುಗುತ್ತದೆ. ಬೀದಿಯಲ್ಲಿ ನಾಯಿ ಮರಿ ಹಾಕಿತೆಂದರೆ ಅಕ್ಕಪಕ್ಕದವರು ಗಂಡು ಮರಿಗಳನ್ನು ಆರಿಸಿಕೊಂಡು ಹೋಗುತ್ತಾರೆ. ಹೆಣ್ಣು ಉಳಿಯುತ್ತವೆ. ಉಳಿದವನ್ನು ಗೋಣಿಚೀಲಕ್ಕೋ ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಗೋ ತುಂಬಿ ಮಾರ್ಕೆಟ್ಟಿನ ಹಿಂದೆ, ಕೆರೆ ಏರಿಯ ಮೇಲೆ, ಕಾಲೇಜು ಹಾಸ್ಟೆಲ್ಲಿನ ಪಕ್ಕದಲ್ಲಿ ಬಿಟ್ಟುಬರುತ್ತಾರೆ. ಅಂಥ ಒಂದು ಪೆಟ್ಟಿಗೆ ಮಳೆಗಾಲದಲ್ಲಿ ನಮ್ಮ ಗೇಟಿಗೆ ಬಂತು. ರಟ್ಟು ನೆಂದು ತಳ ಕುಸಿದಿತ್ತು. ಮರಿಗಳಿಗೆ ಕಣ್ಣು ತೆರೆದು ಹೆಚ್ಚು ದಿನ ಆಗಿರಲಿಲ್ಲ, ಒಂದರ ಮೇಲೊಂದು ಹತ್ತಿ ಕೂತಿದ್ದವು, ಎಲ್ಲವೂ ಹೆಣ್ಣು. ತಾಯಿಹಾಲು ತಪ್ಪಿದ ಮರಿಗೆ ರೋಗ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಮೊದಲ ಲಸಿಕೆ ಹಾಕಲು ಆರು ವಾರವಾದರೂ ತುಂಬಬೇಕು. ಅಷ್ಟರೊಳಗೆ ಪಾರ್ವೊ ಹಿಡಿಯಿತು. ಪಾರ್ವೊ ಬಂದ ಕೋಣೆಗೆ ಒಂದು ವಾಸನೆ ಇದೆ, ರಕ್ತ ಬೆರೆತ ಭೇದಿಯ ವಾಸನೆ, ಒಮ್ಮೆ ಮೂಗಿಗೆ ಹತ್ತಿದರೆ ಊಟದ ಮುಂದೆಯೂ ಬರುತ್ತದೆ. ಬೆರಳ ಗಾತ್ರದ ಕಾಲಿನಲ್ಲಿ ನರ ಹುಡುಕಿ ಡ್ರಿಪ್ ಹಾಕಬೇಕು. ಡಾಕ್ಟರು ನೆಲದ ಮೇಲೆ ಕೂತು, ಕನ್ನಡಕ ಹಣೆಗೇರಿಸಿ, ಒಂದೊಂದಕ್ಕೂ ಹುಡುಕುತ್ತಿದ್ದರು. ಬದುಕಿದ್ದು ಒಂದು.

ಪೆಟ್ಟಿಗೆ ಬಿಟ್ಟುಹೋದವರು ಕೊಂದಿಲ್ಲ ಎಂದುಕೊಂಡು ನೆಮ್ಮದಿಯಾಗಿ ಮಲಗಿರುತ್ತಾರೆ. ತಾಯಿನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಎಂದು ಪಾಲಿಕೆಗೆ ಒಂದು ಫೋನ್ ಮಾಡಿದ್ದರೆ ಆ ಪೆಟ್ಟಿಗೆ ಬೇಕಾಗುತ್ತಿರಲಿಲ್ಲ. ಬಿಬಿಎಂಪಿ 2019ರಲ್ಲಿ ಎಣಿಸಿದಾಗ ಬೀದಿನಾಯಿಗಳು ಸುಮಾರು 3.10 ಲಕ್ಷ ಇದ್ದವು, 2023ರಲ್ಲಿ ಸುಮಾರು 2.79 ಲಕ್ಷ. ಶಸ್ತ್ರಚಿಕಿತ್ಸೆ ನೆಟ್ಟಗೆ ನಡೆದರೆ ಸಂಖ್ಯೆ ಇಳಿಯುತ್ತದೆಂದು ತೋರಿಸಲು ಇಷ್ಟು ಸಾಕು. ಹಾಗೆ ಇಳಿಯುತ್ತಿರುವ ಲೆಕ್ಕಕ್ಕೆ ಇತ್ತ ಮನೆಗಳಿಂದ ನೀವು ಹೊಸದಾಗಿ ಸೇರಿಸುತ್ತಿದ್ದೀರಿ, ಅದೂ ಆಪರೇಷನ್ ಆಗದ ನಾಯಿಗಳನ್ನು. ಕಚ್ಚಿಸಿಕೊಂಡ ಮಗುವಿನ ತಾಯಿಗೆ ಬರುವ ಸಿಟ್ಟು ನ್ಯಾಯವಾದದ್ದು, ನಾನು ಅದರ ಎದುರು ವಾದ ಮಾಡುವುದಿಲ್ಲ. ಆ ಸಿಟ್ಟು ಅರ್ಧದಷ್ಟಾದರೂ ನಾಯಿಯನ್ನು ಬೀದಿಗಿಳಿಸಿದವರ ಬಾಗಿಲಿಗೂ ಹೋಗಲಿ ಎಂಬುದಷ್ಟೇ ನನ್ನ ಮಾತು.

ನಾಯಿಯ ಬೆಲೆ ಈ ನಾಡಿಗೆ ಗೊತ್ತಿಲ್ಲದ್ದೇನಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲು ಇದೆ. ಮಂಡ್ಯ ಜಿಲ್ಲೆಯಿಂದ ಬಂದದ್ದು, ಹತ್ತನೇ ಶತಮಾನದ ನಡುಭಾಗದ್ದು. ಚೋಳರ ಮೇಲಿನ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನೆಂಬ ವೀರನಿಗೆ ಮೆಚ್ಚಿದ ದೊರೆ ಏನು ಬೇಕು ಕೇಳು ಎಂದ. ಅವನು ಕೇಳಿಕೊಂಡದ್ದು ಕಾಳಿ ಎಂಬ ನಾಯಿಯನ್ನು. ಆಮೇಲೆ ಒಂದು ದಿನ ಕಾಳಿ ದೊಡ್ಡ ಹಂದಿಯೊಂದರ ಜೊತೆ ಕಾದಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೊಂದು ಕಲ್ಲು ನಿಲ್ಲಿಸಿದರು, ಹಂದಿಗೆ ಹಲ್ಲೂರಿದ ನಾಯಿಯನ್ನು ಕೆತ್ತಿಸಿದರು, ಭೂಮಿ ಬಿಟ್ಟರು, ಅದನ್ನು ನೋಡಿಕೊಳ್ಳುವವನು ಆ ಕಲ್ಲಿಗೆ ಪೂಜೆ ಮಾಡದೆ ಉಣ್ಣಬಾರದೆಂದು ಬರೆಸಿದರು. ನಾಯಿಯ ಹೆಸರು ಹಾಕಿ ವೀರಗಲ್ಲು ನಿಲ್ಲಿಸಿದ ನಾಡು ಇದು. ಆ ಕಲ್ಲಿನ ಬೆನ್ನಿಗೇ ಕಬ್ಬನ್ ಪಾರ್ಕು. ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗಿ ನಿಂತು ನೋಡಿ. ಗೋಲ್ಡನ್ ರಿಟ್ರೀವರ್, ಶಿಟ್ಜು, ಬೀಗಲ್, ಕೆಲವಕ್ಕೆ ಅಂಗಿ, ಕೆಲವಕ್ಕೆ ತಳ್ಳುಗಾಡಿ. ಅವುಗಳ ನಡುವೆ ಕಂದು ಬಣ್ಣದ, ಕಿವಿ ನಿಗುರಿದ ನಮ್ಮ ನಾಯಿಯೊಂದನ್ನು ಹಗ್ಗದಲ್ಲಿ ಹಿಡಿದವರು ಸಿಕ್ಕರೆ ನಾನು ಹೋಗಿ ಮಾತನಾಡಿಸುತ್ತೇನೆ. ಅಂಥವರು ಇದ್ದಾರೆ, ಮೊದಲಿಗಿಂತ ಹೆಚ್ಚೇ ಇದ್ದಾರೆ, ಇಲ್ಲವೆನ್ನುವುದಿಲ್ಲ.

ಶೆಲ್ಟರಿನವರನ್ನೂ ಬಿಡುವ ಹಾಗಿಲ್ಲ. ನಮ್ಮ ದತ್ತು ಅರ್ಜಿ ಯಾವ ಭಾಷೆಯಲ್ಲಿದೆ? ಇಂಗ್ಲಿಷಿನಲ್ಲಿ. ಫೋಟೊ ಹಾಕುವುದು ಇನ್‌ಸ್ಟಾಗ್ರಾಮಿನಲ್ಲಿ, ಅದರ ಕೆಳಗಿನ ಬರಹವೂ ಇಂಗ್ಲಿಷು. ಕ್ಯಾಂಪು ಮಾಡುವುದು ಮಾಲಿನಲ್ಲಿ. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಹೆಂಗಸಿಗೆ, ಕೆಂಗೇರಿಯ ಆಟೊ ಚಾಲಕನಿಗೆ, ಮಾಗಡಿಯ ರೈತನಿಗೆ ಇಲ್ಲೊಂದು ನಾಯಿ ಮನೆಗಾಗಿ ಕಾಯುತ್ತಿದೆ ಎಂದು ಯಾರು ಹೇಳಬೇಕು? ಸಾಲದ್ದಕ್ಕೆ, ಬಂದವರ ಬಟ್ಟೆ ನೋಡಿ ಅಳೆಯುವ ಚಾಳಿ ಬೇರೆ. ಬಾಡಿಗೆ ಮನೆಯವರಿಗೆ ಕೊಡಬಾರದು, ಒಂಟಿ ಹುಡುಗರಿಗೆ ಬೇಡ, ವಠಾರದಲ್ಲಿ ಇರುವವರು ಹೇಗೆ ನೋಡಿಕೊಂಡಾರು. ಮನೆ ನೋಡಿ ಬರುವುದು, ಆಪರೇಷನ್ನಿನ ಷರತ್ತು, ಆಮೇಲೆ ಆಗಾಗ ವಿಚಾರಿಸುವುದು ಎಲ್ಲ ಬೇಕೇ ಬೇಕು. 'ಹೆಣ್ಣು ನೋಡಕ್ಕೆ ಬಂದಂಗೆ ಕೇಳ್ತೀರಲ್ಲ' ಎಂದು ರೇಗುವವರು, ಇಪ್ಪತ್ತೈದು ಸಾವಿರ ಎಣಿಸಿ ಪಾರ್ಕಿಂಗ್ ಜಾಗದಲ್ಲಿ ಮರಿ ಇಸಿದುಕೊಳ್ಳುವಾಗ ಒಂದು ಪ್ರಶ್ನೆ ಕೇಳುವುದಿಲ್ಲ ಎಂಬುದೂ ನಿಜವೇ. ಆದರೆ ಪ್ರಶ್ನೆ ಕೇಳುವುದು ಬೇರೆ, ಅಂತಸ್ತು ನೋಡುವುದು ಬೇರೆ.

ನಾನು ಕಂಡ ಅತ್ಯುತ್ತಮ ದತ್ತು ಎಂದರೆ ಹೂ ಮಾರುವ ಹೆಂಗಸೊಬ್ಬಳದ್ದು. ಮೂರೇ ಕಾಲಿನ, ಕಪ್ಪು ಬಣ್ಣದ, ಹೆಣ್ಣು ನಾಯಿ. ಯಾರೂ ಕೇಳದ ಮೂರೂ ಲಕ್ಷಣ ಒಟ್ಟಿಗೆ. ಶೆಲ್ಟರಿನ ದೇವರ ಪಟಕ್ಕೆ ದಿನಾ ಹೂ ತಂದು ಕೊಡುತ್ತಿದ್ದವಳು. ಒಂದು ದಿನ ಬುಟ್ಟಿ ಕೆಳಗಿಟ್ಟು, 'ಇದ್ನ ಕೊಡ್ತೀರಾ ಅಕ್ಕ, ನನ್ ಜೊತೆ ಅಂಗಡೀಲಿ ಇರ್ತದೆ' ಎಂದಳು. ನಾವು ಅರ್ಜಿ ಮುಂದಿಟ್ಟೆವು. ಅವಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಬುಟ್ಟಿ ಎತ್ತಿಕೊಂಡಳು. ಗೂಡು ತೊಳೆಯುವ ಅಕ್ಕನೇ ಓಡಿ ಅವಳನ್ನು ನಿಲ್ಲಿಸಿ, ಕೂರಿಸಿಕೊಂಡು, ಒಂದೊಂದೇ ಪ್ರಶ್ನೆ ಬಾಯಲ್ಲಿ ಕೇಳಿ ನನ್ನ ಕೈಲಿ ಬರೆಸಿದಳು. ಈಗ ಆ ನಾಯಿ ಹೂವಿನಂಗಡಿಯ ಕೆಳಗೆ ಒದ್ದೆ ಗೋಣಿಯ ಮೇಲೆ ತಂಪಾಗಿ ಮಲಗಿರುತ್ತದೆ, ಯಾರಾದರೂ ಚೌಕಾಸಿ ಜಾಸ್ತಿ ಮಾಡಿದರೆ ಎದ್ದು ನೋಡುತ್ತದೆ.

ಹೊಸ ಹೊರೆಯೊಂದು ಬೇರೆ ಬಂದಿದೆ. 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್, ಬೀದಿನಾಯಿಗಳನ್ನು ಸಾಕಲು ಇಷ್ಟವಿರುವವರು ಪಾಲಿಕೆಗೆ ಅರ್ಜಿ ಹಾಕಿ ದತ್ತು ತೆಗೆದುಕೊಳ್ಳಬಹುದು, ಹಾಗೆ ತೆಗೆದುಕೊಂಡದ್ದನ್ನು ಮತ್ತೆ ಬೀದಿಗೆ ಬಿಡಕೂಡದು ಎಂದಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ಹಿಡಿದು ಶೆಲ್ಟರಿಗೆ ಹಾಕಿ, ಅದೇ ಜಾಗಕ್ಕೆ ವಾಪಸು ಬಿಡಬೇಡಿ ಎಂದಿತು. ಯಾವ ಶೆಲ್ಟರು? ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ಪಾಲಿಕೆ ಬಂದಿವೆ. ಬೋರ್ಡು ಬರೆಸುವ ಆತುರದಲ್ಲಿ ಕಾಲು ಭಾಗವಾದರೂ ಗೂಡು ಕಟ್ಟುವುದರಲ್ಲಿ ಇದೆಯೇ? ಹಿಡಿದು ತಂದು ತುಂಬುವ ಆದೇಶ ಪಾಲಿಸಲು ಒಂದು ವ್ಯಾನು, ಒಂದು ಬಲೆ ಸಾಕು. ತುಂಬಿದ್ದನ್ನು ಮನೆ ಸೇರಿಸುವುದಕ್ಕೆ ಬೇಕಾದ ಜನ, ದುಡ್ಡು, ಕನ್ನಡದಲ್ಲಿ ಒಂದು ಅರ್ಜಿ, ವಾರ್ಡಿಗೊಂದು ದತ್ತು ದಿನ, ಇವುಗಳ ಬಗ್ಗೆ ಯಾವ ಆಯುಕ್ತರೂ ಬಾಯಿ ಬಿಟ್ಟಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಪಾರ್ವೊ, ಡಿಸ್ಟೆಂಪರ್ ಇರುವ ಊರಿನಲ್ಲಿ ನೂರಾರು ನಾಯಿಗಳನ್ನು ಒಂದು ಗೋಡೆಯೊಳಗೆ ಕೂಡಿಹಾಕಿದರೆ ಏನಾಗುತ್ತದೆಂದು ತಿಳಿಯಲು ಪಶುವೈದ್ಯಕೀಯ ಓದಬೇಕಾಗಿಲ್ಲ, ನಮ್ಮ ಮರಿಗಳ ಕೋಣೆಯ ಬಾಗಿಲಲ್ಲಿ ಅರ್ಧ ಗಂಟೆ ನಿಂತರೆ ಸಾಕು.

ದತ್ತು ಕೊಟ್ಟ ನಾಯಿಯನ್ನು ವಾಪಸು ತಂದುಬಿಡುವವರು ಹೇಳುವ ಕಾರಣಗಳಲ್ಲಿ ನನಗೆ ಅತಿ ಹೆಚ್ಚು ರೇಗುವುದು ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನದು. 'ಮೀಟಿಂಗಲ್ಲಿ ಪಾಸ್ ಮಾಡಿದ್ದಾರೆ, ನಾಯಿ ಇಟ್ಕೊಳ್ಳಂಗಿಲ್ಲ.' ಪಾಸ್ ಮಾಡಲು ಇವರು ಯಾರು? ಎಲ್ಲ ಸದಸ್ಯರೂ ಸೇರಿ ಒಮ್ಮತದಿಂದ ತೀರ್ಮಾನಿಸಿದರೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರ ಫೆಬ್ರವರಿಯಲ್ಲೇ ಸುತ್ತೋಲೆ ಹೊರಡಿಸಿದೆ. ನಾಯಿ ಕೊಳಕು ಮಾಡಿದರೆ ಸಾಕಿದವರು ಬಳಿಯಬೇಕು, ಲಸಿಕೆ ಹಾಕಿಸಬೇಕು, ರಾತ್ರಿಯೆಲ್ಲ ಬೊಗಳಲು ಬಿಡಬಾರದು, ಇವೆಲ್ಲ ಕೇಳುವ ಹಕ್ಕು ನೆರೆಯವರಿಗೆ ಇದ್ದೇ ಇದೆ. ಓಡಿಸುವ ಹಕ್ಕು ಇಲ್ಲ. ಆದರೂ ಕಾರ್ಯದರ್ಶಿ ಸಹಿ ಹಾಕಿದ ಒಂದು ಹಾಳೆ ಲಿಫ್ಟಿನ ಒಳಗೆ ಅಂಟಿಸಿದರೆ ಸಾಕು, ಇಂಜಿನಿಯರು, ಲಾಯರು, ಪ್ರೊಫೆಸರು ಎಲ್ಲರೂ ಬೆಪ್ಪಾಗಿ ನಾಯಿ ಹಿಡಿದುಕೊಂಡು ನಮ್ಮ ಗೇಟಿಗೆ ಬರುತ್ತಾರೆ. ನೀರಿನ ಟ್ಯಾಂಕರಿನ ದುಡ್ಡು ನೂರು ರೂಪಾಯಿ ಜಾಸ್ತಿ ಹಾಕಿದರೆ ಇದೇ ಜನ ವಾಟ್ಸಾಪ್ ಗುಂಪಿನಲ್ಲಿ ರಾತ್ರಿಯಿಡೀ ಜಗಳ ಕಾಯುತ್ತಾರೆ.

ಆ ಸುತ್ತೋಲೆಯ ಪ್ರತಿ ಬೇಕಾದರೆ ನಮ್ಮ ಶೆಲ್ಟರಿನಲ್ಲಿ ಇಟ್ಟಿದ್ದೇವೆ, ಕನ್ನಡ ಮಾಡಿಸಿ. ನಾಯಿ ತಂದು ಬಿಡಲು ಬಂದವರ ಕೈಗೆ ಮೊದಲು ಅದನ್ನೇ ಕೊಡುತ್ತೇವೆ. ಒಯ್ದು ಅದೇ ಲಿಫ್ಟಿನಲ್ಲಿ, ಆ ನೋಟಿಸಿನ ಪಕ್ಕದಲ್ಲೇ ಅಂಟಿಸಿ. ಕಿತ್ತುಹಾಕುತ್ತಾರೆ. ಮತ್ತೆ ಅಂಟಿಸಿ. ಪ್ರತಿಗಳು ಬೇಕಾದಷ್ಟಿವೆ, ಗೂಡುಗಳು ಮಾತ್ರ ಇಲ್ಲ.